ಕೂದಲೆಳೆ ಮೇಷ್ಟ್ರು ಬಿಟ್ಟ ಜಾಗ

ಕೂದಲೆಳೆ ಮೇಷ್ಟ್ರಿಗೆ ಆ ಅಡ್ಡಹೆಸರು ಬಂದದ್ದು ಅವರ ಬಾಯಿಂದಲೇ. ಅವರು ಕೆಲಸ ಕಲಿಸುತ್ತಿದ್ದ ಲ್ಯಾಬಿನಲ್ಲಿ ಯಾರು ಹಲ್ಲಿನ ಪ್ಲೇಟು ಮಾಡಿ ತಂದಿಟ್ಟರೂ ಅದನ್ನು ಪ್ಲಾಸ್ಟರಿನ ಹಲ್ಲುಗಳ ಮೇಲೆ ಕೂರಿಸಿ, ಒಂದು ಕಣ್ಣು ಮುಚ್ಚಿ, ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು. ಆಮೇಲೆ "ಇಲ್ಲಿ ಕೂದಲೆಳೆಯಷ್ಟು ಸಂದಿದೆ" ಎಂದು ವಾಪಸು ತಳ್ಳುತ್ತಿದ್ದರು. ಮಾಡಿದವರಿಗೆ ಆ ಸಂದು ಕಾಣುತ್ತಿರಲಿಲ್ಲ, ಭೂತಗನ್ನಡಿ ಹಿಡಿದರೂ ಕಾಣುತ್ತಿರಲಿಲ್ಲ. ಆದರೂ ಅದನ್ನು ಮತ್ತೆ ಕೂರಿಸಿ, ಉಜ್ಜಿ ತರುವ ತನಕ ಮೇಷ್ಟ್ರು ಜಪ್ಪಯ್ಯ ಅಂದರೂ ಬಿಡುತ್ತಿರಲಿಲ್ಲ.

ಲ್ಯಾಬು ಇದ್ದದ್ದು ಔಷಧದಂಗಡಿಯ ಮೇಲಿನ ಮಹಡಿಯಲ್ಲಿ. ಮೆಟ್ಟಿಲು ಹತ್ತುವಾಗಲೇ ಹಸಿ ಪ್ಲಾಸ್ಟರಿನ ವಾಸನೆ, ಅದರ ಹಿಂದೆಯೇ ಪ್ಲೇಟಿನ ಪುಡಿಯನ್ನು ಕಲಸುವ ದ್ರವದ ಘಾಟು ಮೂಗಿಗೆ ಬಡಿಯುತ್ತಿತ್ತು. ಗೋಡೆಯುದ್ದಕ್ಕೂ ಕಪಾಟುಗಳು, ಕಪಾಟುಗಳ ತುಂಬ ಊರವರ ಬಾಯಿಗಳು: ಉಬ್ಬುಹಲ್ಲು, ಓರೆಹಲ್ಲು, ಒಂದರ ಹೆಗಲ ಮೇಲೊಂದು ಹತ್ತಿ ಕೂತ ಹಲ್ಲು. ಹೆಚ್ಚಿನವು ಮಕ್ಕಳವು. ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸುತ್ತಿದ್ದರು. ಲ್ಯಾಬಿನವರು ಅದಕ್ಕೆ ಪ್ಲಾಸ್ಟರು ಹೊಯ್ದು ಬಾಯಿಯ ಪಡಿಯಚ್ಚು ಎತ್ತಿ, ಕೈವಾರದಲ್ಲಿ ಒಂದೊಂದೇ ಹಲ್ಲಿನ ಅಗಲ ಅಳೆದು, ದವಡೆಯಲ್ಲಿ ಇರುವ ಜಾಗವೆಷ್ಟು, ಹಲ್ಲುಗಳಿಗೆ ಬೇಕಾದ ಜಾಗವೆಷ್ಟು ಎಂದು ಲೆಕ್ಕ ಹಾಕುತ್ತಿದ್ದರು. ಆಮೇಲೆ ಇಕ್ಕಳದಲ್ಲಿ ತಂತಿ ಬಗ್ಗಿಸಿ, ಗುಲಾಬಿ ಬಣ್ಣದ ಪ್ಲೇಟಿನಲ್ಲಿ ಕೂರಿಸಿ ವಾಪಸು ಕಳಿಸುತ್ತಿದ್ದರು. ಜನ ಇದಕ್ಕೆಲ್ಲ ಒಟ್ಟಾಗಿ 'ಕ್ಲಿಪ್ಪು ಹಾಕಿಸೋದು' ಅನ್ನುತ್ತಾರೆ. ಮೇಷ್ಟ್ರು ಅನ್ನುತ್ತಿದ್ದದ್ದು ಬೇರೆ. "ನಮ್ಮದೇನಿದ್ರೂ ಜಾಗದ ತಕರಾರು ಬಿಡಿಸೋ ಕೆಲಸ. ದವಡೆ ಸಣ್ಣದು, ಹಲ್ಲು ದೊಡ್ಡದು, ಹೊಡೆದಾಟ."

ಅವರದು ಇನ್ನೊಂದು ಮಾತಿತ್ತು. ಹೊಸ ಪ್ಲೇಟು ಹಾಕಿಸಿಕೊಂಡ ಮಗು ರಂಪ ಮಾಡುತ್ತಿದೆ, ಒತ್ತುತ್ತದೆ ಅನ್ನುತ್ತಿದೆ ಎಂದು ಯಾವುದಾದರೂ ಡಾಕ್ಟರು ಫೋನು ಮಾಡಿದರೆ ಮೇಷ್ಟ್ರು ಕೈಲಿದ್ದ ತಂತಿಯಿಂದ ಕಣ್ಣು ತೆಗೆಯದೆ, "ಒಂದು ವಾರ ಹಾಕ್ಕೊಂಡ್ರೆ ಸರಿಹೋಗುತ್ತೆ" ಅನ್ನುತ್ತಿದ್ದರು. ಹಲ್ಲು ಸರಿಸುವ ಪ್ಲೇಟು ಒತ್ತದೆ ಮುದ್ದು ಮಾಡುತ್ತದೆಯೇ? ಹೆಚ್ಚಿನ ಸಲ ಅವರು ಹೇಳಿದಂತೆಯೇ ವಾರದಲ್ಲಿ ಎಲ್ಲ ಸರಿಹೋಗುತ್ತಿತ್ತು. ಸರಿ ಎಂದು ಅಷ್ಟು ಸಲ ಅನ್ನಿಸಿಕೊಂಡ ಮನುಷ್ಯನಿಗೆ ತಾನು ತಪ್ಪಬಹುದು ಎನ್ನುವುದೇ ಮರೆತುಹೋಗುತ್ತದೆ. ಮೇಷ್ಟ್ರಿಗೂ ಮರೆತಿತ್ತು.

ಮೇಷ್ಟ್ರು ಮದುವೆಯಾಗಲಿಲ್ಲ. ಹೆಣ್ಣು ನೋಡಲು ಹೋದಲ್ಲೆಲ್ಲ ಹುಡುಗಿಯ ಮುಖ ಬಿಟ್ಟು ಹಲ್ಲು ನೋಡುತ್ತಿದ್ದರು, ಮನೆಗೆ ಬಂದು ಮೇಲಿನ ದವಡೆ ಕಿರಿದು, ಕೆಳಗಿನದು ಮುಂದೆ ಎಂದು ವರದಿ ಒಪ್ಪಿಸುತ್ತಿದ್ದರು. "ಲೋ, ನೀನು ಹೆಣ್ಣು ನೋಡೋಕೆ ಹೋಗಿದ್ಯೋ, ಹಸು ಕೊಳ್ಳೋಕೆ ಹೋಗಿದ್ಯೋ?" ಎಂದು ಅಕ್ಕ ಕೇಳುತ್ತಿದ್ದಳು. ಕೊನೆಗೆ ಅವಳೇ ಬೇಸತ್ತು ಆ ಸುದ್ದಿ ಬಿಟ್ಟಳು.

ಅಕ್ಕನೆಂದರೆ ಅವರ ಪಾಲಿಗೆ ಮನೆ. ತಾಯಿ ತೀರಿಕೊಂಡಾಗ ಅವರಿಗೆ ಹಾಲುಹಲ್ಲು ಬೀಳುವ ವಯಸ್ಸು. ಅಲ್ಲಾಡುತ್ತಿದ್ದ ಮೊದಲ ಹಲ್ಲಿಗೆ ದಾರ ಕಟ್ಟಿ, ಇನ್ನೊಂದು ತುದಿಯನ್ನು ಬಾಗಿಲಿನ ಹಿಡಿಕೆಗೆ ಕಟ್ಟಿ, "ಅಲ್ನೋಡು ಕಾಗೆ" ಎಂದು ಬಾಗಿಲು ಬಡಿದವಳು ಅವಳು. ಅವಳಿನ್ನೂ ಎರಡು ಜಡೆಯ ಹುಡುಗಿ. ಮದುವೆಯಾಗಿ ಹೋದವಳು ಗಂಡ ಸತ್ತ ಮೇಲೆ ಒಂದು ಪೆಟ್ಟಿಗೆ ಹಿಡಿದುಕೊಂಡು ತಮ್ಮನ ಮನೆಗೆ ಬಂದಳು, ಬಂದ ವಾರದಲ್ಲೇ ಬಸ್ ನಿಲ್ದಾಣದಲ್ಲಿ ಕೆಲಸಕ್ಕೆ ಸೇರಿದಳು. ನೆರೆತ ಕೂದಲಿನ ತಮ್ಮನನ್ನು ಅವಳು ಈಗಲೂ ಪುಟ್ಟಾ ಅಂತಲೇ ಕರೆಯುತ್ತಿದ್ದಳು.

ಅವಳ ಕೆಲಸ ಮೈಕಿನದು. ನಿಲ್ದಾಣದ ನಡುವಿನ ಗಾಜಿನ ಕೋಣೆಯಲ್ಲಿ ಕೂತು ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ, ಯಾವುದು ತಡ, ಯಾವುದು ಕೆಟ್ಟು ನಿಂತಿದೆ ಎಂದು ಹೇಳುವುದು. ಹೇಳಬೇಕಾದದ್ದನ್ನಷ್ಟೇ ಹೇಳಿ ಸುಮ್ಮನಾಗುವ ಜಾಯಮಾನ ಅವಳದಲ್ಲ. "ಕಂಬಕ್ಕೆ ಒರಗಿ ನಿಂತಿರೋ ನೀಲಿ ಅಂಗಿಯವರೇ, ನಿಮ್ಮ ಬಸ್ಸು ಹೊರಟಿದೆ, ಫೋನು ಆಮೇಲೆ ನೋಡಿ" ಎಂದು ಅವಳು ಅಂದರೆ ಇಡೀ ನಿಲ್ದಾಣ ತಿರುಗಿ ನೀಲಿ ಅಂಗಿಯವನನ್ನು ಹುಡುಕುತ್ತಿತ್ತು. ಲ್ಯಾಬಿನ ಕಿಟಕಿ ತೆರೆದರೆ ಎರಡು ಬೀದಿಗಳಾಚೆಯಿಂದ ಆ ದನಿ ಕೇಳುತ್ತಿತ್ತು. ಸಪೂರ ದನಿಯಲ್ಲ, ತುಂಬಿದ ದನಿ. ಮೇಷ್ಟ್ರು ಗಡಿಯಾರ ನೋಡುತ್ತಿರಲಿಲ್ಲ, ಅಕ್ಕನ ಬಸ್ಸುಗಳ ಮೇಲೆ ಅವರ ದಿನ ನಡೆಯುತ್ತಿತ್ತು.

ವಯಸ್ಸಾಗುತ್ತ ಅಕ್ಕನ ಮೇಲಿನ ಮುಂದಿನ ಹಲ್ಲುಗಳು ಬಿಟ್ಟುಕೊಳ್ಳತೊಡಗಿದವು. ನಡುವಿನ ಸಂದಿನಿಂದ ಗಾಳಿ ನುಗ್ಗಿ, ಬಸ್ಸು ಅಂದಾಗಲೆಲ್ಲ ಮೈಕಿನಲ್ಲಿ ಸುಯ್ ಎಂದು ಸೀಟಿ ಹೊಡೆಯುತ್ತಿತ್ತು. ಬಸ್ ನಿಲ್ದಾಣದಲ್ಲಿ ದಿನವಿಡೀ ಬಸ್ಸು ಅನ್ನದೆ ಇರುವುದು ಹೇಗೆ? ಕಂಡಕ್ಟರುಗಳು ಅವಳನ್ನು ನೋಡಿ ಸೀಟಿ ಊದಿ ನಗುತ್ತಿದ್ದರು. ಅವಳೂ ನಗುತ್ತಿದ್ದಳು, ಆದರೆ ಮನೆಗೆ ಬಂದು ಕನ್ನಡಿಯ ಮುಂದೆ ಬಾಯಿ ಮುಚ್ಚಿ ತೆರೆದು ನೋಡಿಕೊಳ್ಳುತ್ತಿದ್ದದ್ದನ್ನು ತಮ್ಮ ಕಂಡಿದ್ದರು.

"ಒಂದ್ಸಲ ಡಾಕ್ಟ್ರಿಗೆ ತೋರಿಸ್ಲಾ?" ಎಂದಳು ಅಕ್ಕ.

"ಮನೇಲಿ ನಾನಿರೋವಾಗ ಡಾಕ್ಟ್ರು ಯಾಕೆ? ಒಂದು ತಂತಿ, ಒಂದು ಪ್ಲೇಟು. ಹಲ್ಲು ಹತ್ತಿರ ಬರುತ್ತೆ" ಎಂದರು ಮೇಷ್ಟ್ರು.

ಬಾಯಿಯೊಳಗೆ ಕೈ ಹಾಕುವುದು ಡಾಕ್ಟರ ಕೆಲಸ. ಲ್ಯಾಬಿನವರು ಬಾಯಿ ನೋಡುವುದೇ ಇಲ್ಲ, ಅವರ ಕೈಗೆ ಬರುವುದು ಬಾಯಿಯ ಅಚ್ಚು ಮಾತ್ರ. ಅದು ಮೇಷ್ಟ್ರಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಅಕ್ಕನ ವಿಷಯ, ಮನೆಯ ವಿಷಯ. ರಜೆಯ ದಿನ ಲ್ಯಾಬಿನ ಕಿಟಕಿಯ ಹತ್ತಿರ ಅವಳನ್ನು ಕೂರಿಸಿ, ಟ್ರೇ ತುಂಬ ಅಚ್ಚಿನ ಲೇಪ ಕಲಸಿ ಬಾಯಿಗಿಟ್ಟರು. ಅಕ್ಕನಿಗೆ ಓಕರಿಕೆ ಬಂದು ಕಣ್ಣಲ್ಲಿ ನೀರು ಬಂತು. "ಮೂಗಲ್ಲಿ ಉಸಿರಾಡು, ಕಾಲ್ಬೆರಳು ಅಲ್ಲಾಡಿಸು" ಎಂದರು, ಡಾಕ್ಟರುಗಳು ಹೇಳುವುದನ್ನು ಕೇಳಿ ಕಲಿತದ್ದು. ಅವಳು ಬಾಯಿ ತೆರೆದಾಗ ಅವರು ನೋಡಿದ್ದು ಮುಂದಿನ ಹಲ್ಲುಗಳ ಸಂದನ್ನು. ತಲೆ ಬಗ್ಗಿಸಿ ಮೇಲಿನ ಅಂಗುಳವನ್ನು ನೋಡಲಿಲ್ಲ.

ಮಾರನೆಯ ದಿನ ಪ್ಲಾಸ್ಟರಿನ ಅಚ್ಚು ಬಿಡಿಸಿದರು. ಚೆನ್ನಾಗಿ ಬಂದಿತ್ತು. ಎಡಗಡೆ, ಹಿಂದಿನ ದವಡೆಹಲ್ಲಿನ ಒಳಮಗ್ಗುಲಲ್ಲಿ, ಅಂಗುಳದ ಮೇಲೆ ಒಂದು ಕಾಳಿನಷ್ಟು ಉಬ್ಬಿತ್ತು. ಇದು ಲ್ಯಾಬಿನಲ್ಲಿ ದಿನಾ ಕಾಣುವ ಸಂಗತಿ. ಅಚ್ಚಿನ ಲೇಪದಲ್ಲಿ ಗಾಳಿ ಸಿಕ್ಕಿಕೊಂಡರೆ ಆ ಗುಳ್ಳೆಯೊಳಕ್ಕೂ ಪ್ಲಾಸ್ಟರು ಇಳಿದು, ಬಾಯಿಯಲ್ಲಿ ಇಲ್ಲದ ಉಬ್ಬು ಅಚ್ಚಿನ ಮೇಲೆ ಮೂಡುತ್ತದೆ. ಚಾಕುವಿನ ತುದಿಯಿಂದ ಅದನ್ನು ಹಾರಿಸುವುದು ಕೆಲಸವೆಂದು ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ, ನೊಣ ಓಡಿಸಿದಂತೆ ಕೈ ತಾನೇ ಮಾಡುತ್ತದೆ. ಮೇಷ್ಟ್ರೂ ಚಾಕು ಆಡಿಸಿದರು. ಉಬ್ಬು ಒಂದೇ ಸಲಕ್ಕೆ ಹಾರಲಿಲ್ಲ, ಸ್ವಲ್ಪ ಹೆರೆಯಬೇಕಾಯಿತು. ಹೆರೆದು, ಉಫ್ ಎಂದು ಪುಡಿ ಊದಿ, ಬೆರಳಾಡಿಸಿ ನುಣುಪು ನೋಡಿದರು. ಅವರ ಮುಂದಿನ ಬದುಕನ್ನೆಲ್ಲ ಹಾಳು ಮಾಡಿದ ಕೆಲಸ ಇಷ್ಟೇ. ಅಕ್ಕನ ಬಾಯಿಯಲ್ಲಿ ಬೆಳೆಯುತ್ತಿದ್ದ ಗಂಟನ್ನು ಅವರು ಪ್ಲಾಸ್ಟರಿನ ಮೇಲಿಂದ ಅಳಿಸಿಹಾಕಿದ್ದರು.

ಪ್ಲೇಟು ತಯಾರಾಯಿತು. ಹಾಕಿಕೊಂಡ ದಿನವೇ ಅಕ್ಕ ಮುಖ ಸಿಂಡರಿಸಿದಳು. "ಎಡಗಡೆ ಅಂಗುಳಕ್ಕೆ ಒತ್ತುತ್ತೆ ಕಣೋ ಪುಟ್ಟಾ."

ಮೇಷ್ಟ್ರು ಪ್ಲೇಟನ್ನು ತೆಗೆದು ಪ್ಲಾಸ್ಟರಿನ ಮೇಲೆ ಕೂರಿಸಿ ಬೆಳಕಿಗೆ ಹಿಡಿದರು. "ನೀನೇ ನೋಡು. ಕೂದಲೆಳೆಯಷ್ಟೂ ಸಂದಿಲ್ಲ."

"ಅದರ ಮೇಲೆ ಕೂತ್ಕೊಳ್ಳುತ್ತಪ್ಪ, ನನ್ನ ಬಾಯಲ್ಲಿ ಕೂತ್ಕೊಳ್ತಿಲ್ವಲ್ಲ."

"ಪ್ಲಾಸ್ಟರು ಸುಳ್ಳು ಹೇಳಲ್ಲ ಅಕ್ಕಾ, ಬಾಯಿ ಸುಳ್ಳು ಹೇಳುತ್ತೆ. ಒಂದು ವಾರ ಹಾಕ್ಕೊಂಡ್ರೆ ಸರಿಹೋಗುತ್ತೆ."

ಅವಳು ಹಲ್ಲು ಕಚ್ಚಿ ಸಹಿಸಿದಳು. ತಮ್ಮ ಹೇಳಿದ ಮೇಲೆ ಮುಗಿಯಿತು, ಅವನಿಗಿಂತ ಬಲ್ಲವರು ಯಾರು? ಮತ್ತೊಮ್ಮೆ ಹೇಳಿದಾಗ ಮೇಷ್ಟ್ರು ಆ ಜಾಗದಲ್ಲಿ ಪ್ಲೇಟನ್ನು ಒಂದಿಷ್ಟು ಉಜ್ಜಿಕೊಟ್ಟರು, ಅದೂ ಅವಳ ಸಮಾಧಾನಕ್ಕೆ. ಆಮೇಲೆ ಅವಳು ಹೇಳುವುದನ್ನು ಬಿಟ್ಟಳು. ಹಲ್ಲುಗಳು ನಿಜಕ್ಕೂ ಹತ್ತಿರ ಬಂದವು, ಸೀಟಿ ನಿಂತಿತು. ಒಂದು ದಿನ ಕಿಟಕಿಯಿಂದ ಅವಳ ಬಸ್ಸುಗಳು ಚೊಕ್ಕವಾಗಿ, ಒಂದೂ ಸೀಟಿಯಿಲ್ಲದೆ ಕೇಳಿಬಂದಾಗ ಮೇಷ್ಟ್ರು ಲ್ಯಾಬಿನವರಿಗೆಲ್ಲ ಚಹಾ ತರಿಸಿದರು. ಆ ದಿನದ ಸಂತೋಷವನ್ನು ನೆನೆಸಿಕೊಂಡರೆ ಈಗ ಅವರಿಗೆ ಮೈ ಉರಿಯುತ್ತದೆ.

ತಿಂಗಳುಗಳು ಕಳೆದ ಮೇಲೆ ಪ್ಲೇಟು ಅಲ್ಲಾಡತೊಡಗಿತು. ಬಲಗಡೆ ಒತ್ತಿದರೆ ಎಡಗಡೆ ಏಳುತ್ತಿತ್ತು, ಕಾಲು ಗಿಡ್ಡವಾದ ಸ್ಟೂಲಿನಂತೆ. "ಬಿಸಿನೀರಲ್ಲಿ ತೊಳೆದ್ಯಾ?" ಎಂದು ಮೇಷ್ಟ್ರು ಗದರಿದರು. ಬಿಸಿನೀರಿಗೆ ಪ್ಲೇಟು ಸೊಟ್ಟಗಾಗುವುದುಂಟು.

"ಇಲ್ವೋ, ನಲ್ಲಿ ನೀರಲ್ಲೇ ತೊಳೀತೀನಿ."

"ಮತ್ತೆ ಅದು ತಾನಾಗೇ ಸೊಟ್ಟಗಾಯ್ತಾ?"

ಬೇರೆ ದಾರಿಯಿಲ್ಲದೆ ಮತ್ತೆ ಅಚ್ಚು ತೆಗೆದರು, ಮತ್ತೆ ಪ್ಲಾಸ್ಟರು ಹೊಯ್ದರು. ಬಿಡಿಸಿ ನೋಡಿದರೆ ಅದೇ ಎಡಗಡೆ, ಅದೇ ಹಲ್ಲಿನ ಮಗ್ಗುಲಲ್ಲಿ ಉಬ್ಬು, ಈಗ ನೆಲಗಡಲೆಯಷ್ಟು. ಕೈ ಅಭ್ಯಾಸಬಲದಿಂದ ಚಾಕುವನ್ನು ಎತ್ತಿ ಅದರ ಬುಡಕ್ಕೆ ಇಟ್ಟಿತು. ಗಾಳಿಯ ಗುಳ್ಳೆಯಾದರೆ ಬುಡ ಸಪೂರ ಇರುತ್ತದೆ, ಟಕ್ಕೆಂದು ಹಾರುತ್ತದೆ. ಇದರ ಬುಡ ಅಗಲವಾಗಿತ್ತು. ಅಂಗುಳದಿಂದಲೇ ಎದ್ದು ಬಂದಂತಿತ್ತು.

ಮೇಷ್ಟ್ರು ಚಾಕು ಕೆಳಗಿಟ್ಟು, ಕುರ್ಚಿ ಹತ್ತಿ ಕಪಾಟಿನ ಮೇಲಿನ ಸಾಲಿನಿಂದ ಹಳೆಯ ಅಚ್ಚು ಇಳಿಸಿದರು. ಅಲ್ಲಿ, ಅದೇ ಜಾಗದಲ್ಲಿ, ಚಾಕು ಹೆರೆದ ಗುರುತು. ಸುತ್ತಲಿನ ಅಂಗುಳದಲ್ಲಿ ಬಾಯಿಯ ಸಣ್ಣ ಸಣ್ಣ ಗೆರೆಗಳೆಲ್ಲ ಮೂಡಿದ್ದವು, ಅಲ್ಲಿ ಮಾತ್ರ ಗೆರೆಯಿಲ್ಲದ ನುಣುಪು. ಎರಡೂ ಅಚ್ಚುಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಕೂತರು. ತೆರೆದ ಕಿಟಕಿಯಿಂದ ಅಕ್ಕನ ದನಿ ಬರುತ್ತಿತ್ತು, ಯಾರದೋ ಮರೆತ ಛತ್ರಿ ಗಾಜಿನ ಕೋಣೆಯಲ್ಲಿದೆ, ಬಂದು ತಗೊಂಡು ಹೋಗಿ ಎನ್ನುತ್ತಿತ್ತು. ಮೇಷ್ಟ್ರು ಎದ್ದು ಕಿಟಕಿ ಮುಚ್ಚಿದರು.

ಸಂಜೆಯೊಳಗೆ ಅಕ್ಕನನ್ನು ಡಾಕ್ಟರಮ್ಮನ ಹತ್ತಿರ ಕರೆದೊಯ್ದರು. ಪಕ್ಕದ ಬೀದಿಯ ಹಲ್ಲಿನ ಡಾಕ್ಟರು ಆಕೆ, ಮೇಷ್ಟ್ರ ಕೈಯಿಂದ ಎಷ್ಟೋ ವರ್ಷಗಳಿಂದ ಪ್ಲೇಟು ಮಾಡಿಸಿಕೊಂಡವರು. ಬಂದವರ ಬಾಯಿಯನ್ನು ದೀಪ ಹಿಡಿದು ಮೂಲೆಮೂಲೆ ನೋಡಿ, ಬೆರಳಿಂದ ಒತ್ತಿ ನೋಡಿದ ಮೇಲೆಯೇ ಅವರು ಅಚ್ಚಿನ ಮಾತೆತ್ತುತ್ತಿದ್ದರು. ಅಕ್ಕನ ಅಂಗುಳಕ್ಕೆ ಬೆರಳು ತಾಗಿಸಿದ ಡಾಕ್ಟರಮ್ಮ ಅದೇ ಜಾಗವನ್ನು ಮತ್ತೊಮ್ಮೆ ಒತ್ತಿ ನೋಡಿದರು.

"ಇದು ಯಾವಾಗಿಂದ ಇದೆ ಅಮ್ಮಾ?"

"ಗೊತ್ತಿಲ್ಲ ಡಾಕ್ಟ್ರೇ, ನೋವೇನಿಲ್ಲ. ಪ್ಲೇಟು ಹಾಕಿದಾಗ ಒತ್ತುತ್ತಿತ್ತು, ಆಮೇಲೆ ಅಭ್ಯಾಸ ಆಯ್ತು."

ಡಾಕ್ಟರಮ್ಮ ಮೇಷ್ಟ್ರ ಕಡೆ ತಿರುಗಿದರು. "ಅಚ್ಚು ತೆಗೆಯೋ ಮುಂಚೆ ಒಂದ್ಸಲ ನನ್ನ ಹತ್ರ ಕರ್ಕೊಂಡು ಬಂದಿದ್ರೆ ಆಗ್ತಿತ್ತಲ್ಲ ಮೇಷ್ಟ್ರೇ. ಈ ವಯಸ್ಸಲ್ಲಿ ಹಲ್ಲು ಯಾಕೆ ಜರುಗ್ತಿದೆ ಅಂತ ನಾನಾದ್ರೂ ಕೇಳ್ತಿದ್ದೆ. ಆವಾಗ ಅಚ್ಚಲ್ಲಿ ಏನೂ ಕಾಣಲಿಲ್ವಾ?"

ಹೇಳಬೇಕಾಗಿದ್ದದ್ದು ಆಗ. ಅಕ್ಕ ಕುರ್ಚಿಯಲ್ಲಿ ಬಾಯಿ ಒರೆಸಿಕೊಳ್ಳುತ್ತ ತಮ್ಮನ ಮುಖವನ್ನೇ ನೋಡುತ್ತಿದ್ದಳು. ಮೇಷ್ಟ್ರು "ಕಾಣಲಿಲ್ಲ" ಎಂದರು.

ದೊಡ್ಡ ಆಸ್ಪತ್ರೆಯಲ್ಲಿ ಚೂರು ತೆಗೆದು ಪರೀಕ್ಷೆ ಮಾಡಿದರು. ಕ್ಯಾನ್ಸರು. ನಿಧಾನವಾಗಿ ಬೆಳೆಯುವ ಜಾತಿ, ಆದರೆ ಬೇರು ಆಳಕ್ಕೆ ಇಳಿದಿತ್ತು. ಮೇಲಿನ ದವಡೆಯ ಎಡಭಾಗವನ್ನೂ ಅಂಗುಳದ ಅರ್ಧವನ್ನೂ ಹಲ್ಲುಗಳ ಸಮೇತ ತೆಗೆದರು. ಮೇಷ್ಟ್ರು ಕೂದಲೆಳೆಯಲ್ಲಿ ಅಳೆದಿದ್ದ ದವಡೆಯನ್ನು ಆಸ್ಪತ್ರೆಯವರು ಬೆರಳಗಲದಲ್ಲಿ ಅಳೆದು ಕತ್ತರಿಸಿದರು.

ಅಕ್ಕ ಮನೆಗೆ ಬಂದಾಗ ಅವಳ ಬಾಯಿಗೂ ಮೂಗಿಗೂ ನಡುವೆ ಗೋಡೆಯಿರಲಿಲ್ಲ. ಹಾಲು ಕುಡಿದರೆ ಮೂಗಿನಿಂದ ಇಳಿಯುತ್ತಿತ್ತು. ಮಾತಾಡಿದರೆ ಅಕ್ಷರಗಳೆಲ್ಲ ಕರಗಿ ಒಂದು ಹೂಂಕಾರ ಮಾತ್ರ ಹೊರಬರುತ್ತಿತ್ತು. ಒಂದು ಸಲ ಅಕ್ಕ ತರಕಾರಿಯವಳಿಗೆ ಏನೋ ಹೇಳಲು ಹೋದಾಗ, ಅವಳಿಗೆ ಅರ್ಥವಾಗದೆ, "ಪಾಪ, ಹುಟ್ಟಿನಿಂದಲೇ ಹೀಗಾ?" ಎಂದು ಆಕೆ ಪಕ್ಕದವರನ್ನು ಕೇಳಿದಳಂತೆ. ಅವತ್ತಿನಿಂದ ಅಕ್ಕ ಬಾಯಿಗೆ ಬಟ್ಟೆ ಅಡ್ಡ ಹಿಡಿದುಕೊಂಡು ಕೈಸನ್ನೆಯಲ್ಲೇ ದಿನ ದೂಡಿದಳು. ಇಡೀ ನಿಲ್ದಾಣವನ್ನು ನಗಿಸಿದ ಹೆಂಗಸು ಮನೆಯಲ್ಲಿ ಚಮಚ ಬೇಕೆಂದರೆ ಮೇಜು ತಟ್ಟುತ್ತಿದ್ದಳು.

ಆ ರಂಧ್ರ ಮುಚ್ಚುವ ಪ್ಲೇಟನ್ನು ತಾನೇ ಮಾಡುತ್ತೇನೆಂದು ಮೇಷ್ಟ್ರು ಹಟ ಹಿಡಿದರು. ಈ ಸಲ ಅಚ್ಚು ತೆಗೆದದ್ದು ಡಾಕ್ಟರಮ್ಮ. ಪ್ಲೇಟಿನ ಒಂದು ಕಡೆ ಉಳಿದ ಹಲ್ಲುಗಳನ್ನು ಹಿಡಿಯುವ ತಂತಿಗಳು, ಇನ್ನೊಂದು ಕಡೆ ರಂಧ್ರದೊಳಕ್ಕೆ ಏರಿ ಕೂರುವ ಒಂದು ಉಂಡೆ, ಭಾರವಾಗಬಾರದೆಂದು ಒಳಗೆ ಪೊಳ್ಳು. ಸಡಿಲವಾದರೆ ಸೋರುತ್ತದೆ, ಬಿಗಿಯಾದರೆ ಗಾಯವಾಗುತ್ತದೆ. ಮೇಷ್ಟ್ರು ಊಟ ತಿಂಡಿ ಮರೆತು ಕೂತರು. ಪ್ರತಿ ಸಲ ಕೂರಿಸಿದಾಗಲೂ ಪ್ಲಾಸ್ಟರನ್ನು ನೋಡಲಿಲ್ಲ, ಅಕ್ಕನ ಕಣ್ಣು ನೋಡಿದರು. "ಒತ್ತುತ್ತಾ? ಎಲ್ಲಿ? ತೋರಿಸು. ಇಲ್ಲಾ? ಸುಳ್ಳು ಹೇಳ್ಬೇಡ." ಅವಳು ತೋರಿಸಿದಲ್ಲಿ ಉಜ್ಜುತ್ತಿದ್ದರು, ಮತ್ತೆ ಕೂರಿಸುತ್ತಿದ್ದರು.

ಕೊನೆಗೆ ಒಂದು ಮಧ್ಯಾಹ್ನ, ಡಾಕ್ಟರಮ್ಮನ ಕುರ್ಚಿಯಲ್ಲಿ, ಅಕ್ಕ ಒಂದು ಲೋಟ ನೀರು ಕುಡಿದಳು. ಮೂಗಿನಿಂದ ಒಂದು ಹನಿಯೂ ಬರಲಿಲ್ಲ. ಗಂಟಲು ಸರಿಮಾಡಿಕೊಂಡು, "ದಯವಿಟ್ಟು ಗಮನಿಸಿ" ಎಂದಳು. ಹಳೆಯ ದನಿಯಲ್ಲ, ಕಂಬಳಿಯೊಳಗಿಂದ ಬಂದಂಥ ದನಿ, ಆದರೂ ಮಾತು. "ಮೂಗಿಗೂ ಬಾಯಿಗೂ ಮಧ್ಯೆ ಬಾಗಿಲು ಹಾಕ್ಬಿಟ್ಯಲ್ಲೋ ಪುಟ್ಟಾ. ಚಿಲಕ ಎಲ್ಲಿ?" ಡಾಕ್ಟರಮ್ಮ ನಕ್ಕರು. ಮೇಷ್ಟ್ರು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ಅತ್ತರು.

ಮೈಕಿನ ಕೆಲಸ ಬೇರೆಯವರ ಪಾಲಾಗಿತ್ತು. ಅಕ್ಕನನ್ನು ವಿಚಾರಣೆಯ ಕಿಟಕಿಯಲ್ಲಿ ಕೂರಿಸಿದರು. ಅವಳು ಅಲ್ಲೂ ಹಳೆಯ ಚಾಳಿ ಬಿಡದೆ, ಸಾಲಿನಲ್ಲಿ ನುಗ್ಗುವವರನ್ನು ಆ ಕಂಬಳಿ ದನಿಯಲ್ಲೇ ಗದರಿಸುತ್ತಿದ್ದಳು. ಮೇಷ್ಟ್ರ ಕಿಟಕಿಗೆ ಈಗ ಯಾರದೋ ಸಪೂರ ದನಿ ಕೇಳುತ್ತಿತ್ತು.

ಹೆರೆದ ವಿಷಯ ಮೇಷ್ಟ್ರ ಗಂಟಲಲ್ಲೇ ಉಳಿಯಿತು. ಹೇಳಿಬಿಡೋಣವೆಂದು ಬಾಯಿ ತೆರೆಯುತ್ತಿದ್ದರು, ಅಷ್ಟರಲ್ಲಿ ಅಕ್ಕ ಏನಾದರೂ ತಮಾಷೆ ಮಾಡುತ್ತಿದ್ದಳು, ಮುಚ್ಚುತ್ತಿದ್ದರು. ತೊಳೆಯಲೆಂದು ಅವಳು ಪ್ಲೇಟು ತೆಗೆದಾಗ ಅವಳಿಗೆ ಮಾತಾಡಲಾಗುತ್ತಿರಲಿಲ್ಲ. ಆಗ ಹೇಳಿದರೆ ತಿರುಗಿ ಏನೂ ಅನ್ನಲಾರಳು ಎಂದು ಒಂದು ಸಲ ಹೊಳೆದದ್ದಕ್ಕೆ ಅವರಿಗೆ ತಮ್ಮ ಮೇಲೆಯೇ ಹೇಸಿಗೆಯಾಯಿತು. ಹಳೆಯ ಅಚ್ಚನ್ನು ಒಡೆದು ಹಾಕಲೂ ಕೈ ಬರಲಿಲ್ಲ. ಬಟ್ಟೆಯಲ್ಲಿ ಸುತ್ತಿ ಮೇಜಿನ ಖಾನೆಯಲ್ಲಿ ಇಟ್ಟುಕೊಂಡಿದ್ದರು.

ಗಾಯ ಮಾಯುತ್ತ ಬಾಯಿಯ ಆಕಾರ ಬದಲಾಗುತ್ತದೆ, ಪ್ಲೇಟೂ ಬದಲಾಗಬೇಕು. ಮಾರನೆಯ ವರ್ಷ ಡಾಕ್ಟರಮ್ಮ ಹೊಸ ಅಚ್ಚು ತೆಗೆದು ಕಳಿಸಿದರು. ಅವತ್ತು ಅಕ್ಕನಿಗೆ ಜ್ವರ, ವಿಪರೀತ ಓಕರಿಕೆ, ಒಳಗೆ ಸರಿಯಾಗಿ ನೋಡಲಾಗಲಿಲ್ಲ, ವಾರ ಬಿಟ್ಟು ಮತ್ತೆ ಕರೆತನ್ನಿ ಎಂದಿದ್ದರು. ಮೇಷ್ಟ್ರು ಪ್ಲಾಸ್ಟರು ಬಿಡಿಸಿದರು. ರಂಧ್ರದ ಅಂಚಿನಲ್ಲಿ, ಮೇಲುಗಡೆ, ಒಂದು ಉಬ್ಬು ಕಂಡಿತು.

ಮೇಷ್ಟ್ರು ಚಾಕು ಮುಟ್ಟಲಿಲ್ಲ. ಇದು ಗಾಳಿಯ ಗುಳ್ಳೆಯಾಗಿರಲಿ ಎಂದು ಅವರು ಬೇಡಿಕೊಂಡಷ್ಟು ಯಾರೂ ಯಾವ ಗುಳ್ಳೆಗೂ ಬೇಡಿಕೊಂಡಿರಲಾರರು. ಕೆಲಸ ಅಲ್ಲೇ ಬಿಟ್ಟು ಮನೆಗೆ ನಡೆದರು. ಜ್ವರ ಇಳಿದಿದ್ದ ಅಕ್ಕ ಕಿಟಕಿಯ ಬಳಿ ಕೂತು ಹಳೇ ಅಂಗಿಯೊಂದಕ್ಕೆ ಗುಂಡಿ ಹೊಲಿಯುತ್ತಿದ್ದಳು.

"ಪ್ಲೇಟು ತೆಗಿ ಅಕ್ಕಾ. ಬಾಯಿ ತೆಗಿ."

ಅವಳು ಅವರ ಮುಖ ನೋಡಿ, ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಪ್ಲೇಟು ತೆಗೆದಳು. ಮೇಷ್ಟ್ರು ಕೈ ತೊಳೆದು, ತೋರುಬೆರಳನ್ನು ಒಳಗಿಟ್ಟು, ರಂಧ್ರದ ಅಂಚಿನಗುಂಟ ಆಡಿಸಿದರು. ಸಿಕ್ಕಿತು. ಗಟ್ಟಿಯಾಗಿತ್ತು, ಒತ್ತಿದರೆ ಜರುಗಲಿಲ್ಲ.

ಅಕ್ಕ ಮೆಲ್ಲಗೆ ಅವರ ಕೈ ಸರಿಸಿ ಪ್ಲೇಟು ಹಾಕಿಕೊಂಡಳು. "ಗೊತ್ತು ಕಣೋ. ನಾಲಿಗೆಗೆ ಸಿಗ್ತಾನೇ ಇತ್ತು."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ, ಒಂದು ವಾರ ಹಾಕ್ಕೋ, ಸರಿಹೋಗುತ್ತೆ ಅಂತಿದ್ದೆ" ಎಂದು ಅವಳು ನಕ್ಕಳು. ತಮಾಷೆಗೆ ಅಂದದ್ದು.

ದೊಡ್ಡ ಆಸ್ಪತ್ರೆಯವರು ಎಲ್ಲ ಯಂತ್ರಗಳಲ್ಲೂ ನೋಡಿ, ಗಂಟು ಕಣ್ಣಿನ ಹಿಂಭಾಗಕ್ಕೆ ಏರಿದೆ, ಇನ್ನು ಕತ್ತರಿಸಲಾಗುವುದಿಲ್ಲ, ನೋವಿಗೆ ಔಷಧಿ ಕೊಡುತ್ತೇವೆ ಎಂದರು. ಡಾಕ್ಟರಮ್ಮ ಮೇಷ್ಟ್ರನ್ನು ಪಕ್ಕಕ್ಕೆ ಕರೆದರು.

"ಪ್ಲೇಟು ಬೇಗ ಮಾಡಿ ಮೇಷ್ಟ್ರೇ. ಇನ್ನೊಂದ್ಸಲ ಅಚ್ಚು ತೆಗೆಯೋ ಹಾಗಿಲ್ಲ, ಮುಟ್ಟಿದ್ರೆ ರಕ್ತ ಬರುತ್ತೆ. ಇದೇ ಕೊನೇದು. ಗಂಟಿನ ಸುತ್ತ ಜಾಗ ಬಿಟ್ಟು ಮಾಡ್ಬೇಕು. ಬೆಳೆದ ಹಾಗೆ ಪ್ಲೇಟನ್ನ ತಳ್ಳುತ್ತೆ, ತಳ್ಳಿದ ದಿನದಿಂದ ಅವರಿಗೆ ಊಟ ಇಲ್ಲ, ಮಾತಿಲ್ಲ."

"ಎಷ್ಟು ಬಿಡ್ಲಿ?"

"ಕಡಿಮೆ ಬಿಟ್ರೆ ಬೇಗ ಕೂರದ ಹಾಗಾಗುತ್ತೆ. ಜಾಸ್ತಿ ಬಿಟ್ರೆ ಇವತ್ತಿಂದಲೇ ಸೋರುತ್ತೆ. ಅದನ್ನ ನಾನು ಹೇಗೆ ಹೇಳ್ಲಿ? ಅವರನ್ನೇ ಕೇಳಿ" ಎಂದು ಡಾಕ್ಟರಮ್ಮ ಕಣ್ಣು ತಪ್ಪಿಸಿದರು.

ಮೇಷ್ಟ್ರು ಹೊಸ ಅಚ್ಚು, ಮೇಣದ ಹಾಳೆಗಳು, ಸಣ್ಣ ದೀಪ ಎಲ್ಲವನ್ನೂ ಚೀಲಕ್ಕೆ ತುಂಬಿದರು. ಖಾನೆ ಎಳೆದು ಬಟ್ಟೆ ಸುತ್ತಿದ ಹಳೆಯ ಅಚ್ಚನ್ನೂ ಹಾಕಿಕೊಂಡರು. ಮನೆಯ ಊಟದ ಮೇಜಿನ ಮೇಲೆ ಹಳೆಯದನ್ನು ಮೊದಲು ಬಿಚ್ಚಿಟ್ಟು, ನುಣುಪಾದ ಜಾಗದ ಮೇಲೆ ಅಕ್ಕನ ಬೆರಳು ಹಿಡಿದು ಇಡಿಸಿದರು.

"ಇಲ್ಲಿ ಇತ್ತು ಅಕ್ಕಾ. ಮೊದಲನೇ ಅಚ್ಚಲ್ಲೇ ಇತ್ತು. ನಾನು ಗಾಳಿ ಗುಳ್ಳೆ ಅಂದ್ಕೊಂಡು ಹೆರೆದ್ಬಿಟ್ಟೆ. ಡಾಕ್ಟ್ರು ಕೇಳಿದಾಗ ಕಾಣಲಿಲ್ಲ ಅಂತ ಸುಳ್ಳು ಹೇಳ್ದೆ."

ಅಕ್ಕ ಬೆರಳು ತೆಗೆಯಲಿಲ್ಲ. ಆ ನುಣುಪಿನ ಮೇಲೆ ಹಿಂದಕ್ಕೂ ಮುಂದಕ್ಕೂ ಆಡಿಸಿದಳು. ಆಮೇಲೆ ಹೇಳಿದಳು, "ಒತ್ತುತ್ತೆ ಅಂತ ನಾನು ಹೇಳಿದ್ದೆ."

"ಹೇಳಿದ್ದೆ."

"ಬಾಯಿ ಸುಳ್ಳು ಹೇಳುತ್ತೆ ಅಂದೆ ನೀನು."

ಅಕ್ಕ ಎದ್ದು ಒಳಗೆ ಹೋದಳು. ಬಾಗಿಲು ಹಾಕಿಕೊಂಡ ಸದ್ದಾಯಿತು. ಆ ದಿನ ಅವಳು ಹೊರಗೆ ಬರಲಿಲ್ಲ, ಅವರು ಬಾಗಿಲ ಹತ್ತಿರ ಇಟ್ಟ ಹಾಲನ್ನು ಮುಟ್ಟಲಿಲ್ಲ. ಕ್ಷಮಿಸು ಎನ್ನಲು ಹೋಗಿ ಅವರು ಬಾಗಿಲವರೆಗೆ ಹೋಗುತ್ತಿದ್ದರು, ಆ ಮಾತು ಈ ತಪ್ಪಿಗೆ ತೀರಾ ಚಿಕ್ಕದೆನಿಸಿ ತಿರುಗಿ ಬರುತ್ತಿದ್ದರು. ಹಾಲುಹಲ್ಲಿನ ಹುಡುಗನಾಗಿದ್ದಾಗಿನಿಂದ ಇಲ್ಲಿಯವರೆಗೆ ಅಕ್ಕ ಅವರೊಡನೆ ಮುನಿದು ಮಾತು ಬಿಟ್ಟದ್ದು ಅದೇ ಮೊದಲು.

ಬೆಳಿಗ್ಗೆ ಬಿಸಿಲು ಮೇಜಿನ ಮೇಲೆ ಬಿದ್ದಿತ್ತು. ಮೇಷ್ಟ್ರು ದೀಪ ಹಚ್ಚಿ, ಹೊಸ ಅಚ್ಚನ್ನು ಮುಂದಿಟ್ಟುಕೊಂಡು, ಗಂಟಿನ ಮೇಲೆ ಒಂದು ಹಾಳೆ ಮೇಣವನ್ನು ಮುಚ್ಚಿದ್ದರು. ಮೇಣವಿದ್ದಷ್ಟು ದಪ್ಪಕ್ಕೆ ಪ್ಲೇಟು ದೂರ ನಿಲ್ಲುತ್ತದೆ, ಆಮೇಲೆ ಮೇಣ ಕರಗಿಸಿದರೆ ಅಲ್ಲಿ ಜಾಗ ಉಳಿಯುತ್ತದೆ. ಅಕ್ಕ ಬಂದು ಎದುರಿನ ಕುರ್ಚಿ ಎಳೆದು ಕೂತಳು. ಕಣ್ಣು ಊದಿದ್ದವು. ಪ್ಲೇಟು ಹಾಕಿಕೊಂಡಿದ್ದಳು.

"ಇದೇನು?"

"ಅದು ಬೆಳೆಯೋಕೆ ಬಿಡೋ ಜಾಗ."

ಅವಳು ಬಗ್ಗಿ ನೋಡಿದಳು. "ಇಷ್ಟು ಬಿಟ್ರೆ ಎಷ್ಟು ದಿನಕ್ಕೆ ಬರುತ್ತೆ?"

ಕೈವಾರ ಮೇಜಿನ ಮೇಲೆಯೇ ಇತ್ತು, ಅದನ್ನು ಎತ್ತಿಕೊಳ್ಳಲು ಮೇಷ್ಟ್ರಿಗೆ ಧೈರ್ಯವಿರಲಿಲ್ಲ.

"ಇನ್ನೊಂದು ಹಾಕು" ಎಂದಳು ಅಕ್ಕ.

ಅವರು ಇನ್ನೊಂದು ಹಾಳೆಯನ್ನು ದೀಪಕ್ಕೆ ಹಿಡಿದು ಮೆತ್ತಗೆ ಮಾಡಿ ಮೇಲೆ ಒತ್ತಿದರು.

"ಇನ್ನೊಂದು."

"ಸೋರುತ್ತೆ ಅಕ್ಕಾ. ನೀರು ಮೂಗಿಗೆ ಬರುತ್ತೆ, ಮಾತು ಸರಿಯಾಗಿ ಕೇಳಲ್ಲ."

"ಸೋರಲಿ. ಅರ್ಧಂಬರ್ಧ ಮಾತಾಡ್ತೀನಿ, ನಿನಗೆ ಅರ್ಥ ಆದ್ರೆ ಸಾಕು" ಎಂದಳು. ಅವಳ ದನಿಯಲ್ಲಿ ಕೋಪ ಹಾಗೇ ಇತ್ತು, ಆದರೆ ಅವಳ ಕೈ ಮೇಜಿನ ಮೇಲೆ ಅವರ ಕೈಯ ಹತ್ತಿರಕ್ಕೆ ಬಂದಿತ್ತು. "ಜಾಗ ಬಿಡೋದ್ರಲ್ಲಿ ಜಿಪುಣತನ ಮಾಡ್ಬೇಡ ಪುಟ್ಟಾ. ನನಗಿನ್ನೂ ಇರೋ ಆಸೆ ಇದೆ."

ಮೇಷ್ಟ್ರು ಕಣ್ಣೊರೆಸಿಕೊಂಡು ಇನ್ನೊಂದು ಹಾಳೆಯನ್ನು ದೀಪಕ್ಕೆ ಹಿಡಿದರು.